ಪದಚರ್ಚೆ: ‘ನೋಟಿಸ್ ಕೊಡುವುದು’ ಅಂದರೆ ಇಲ್ಲಿ ಏನು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಮೆರಿಕದ ಸೆನೆಟ್ ತನ್ನ ಸದಸ್ಯರಿಗಾಗಿ 2025ರಲ್ಲಿ ಮಾಡಿಕೊಂಡ ಒಂದು ನಿಯಮದ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತು ಮೂರು ದಿನವಾಯಿತು. ಮೊದಲ ವಾಕ್ಯವೇ ದಾಟುತ್ತಿಲ್ಲ. ನಿಮ್ಮ ನೆರವು ಬೇಕು.

ಸಂಗತಿ ಇಷ್ಟು. 2020ರ ಚುನಾವಣೆಯ ಫಲಿತಾಂಶವನ್ನು ಬುಡಮೇಲು ಮಾಡುವ ಯತ್ನದ ಬಗ್ಗೆ ಟ್ರಂಪ್ ವಿರುದ್ಧ ತನಿಖೆ ನಡೆಸಿದ ವಿಶೇಷ ಅಭಿಯೋಜಕ ಜ್ಯಾಕ್ ಸ್ಮಿತ್ ಅವರ ತಂಡ 2023ರಲ್ಲಿ ಕೆಲವು ಸಂಸದರ ಫೋನ್ ದಾಖಲೆಗಳನ್ನು ದೂರವಾಣಿ ಕಂಪನಿಗಳಿಂದ ತರಿಸಿಕೊಂಡಿತ್ತು. 2025ರ ಅಕ್ಟೋಬರ್‌ನಲ್ಲಿ ಮೊದಲು ಹೊರಬಿದ್ದ ಪಟ್ಟಿಯಲ್ಲಿ 8 ಸೆನೆಟರ್‌ಗಳು, ಕೆಳಮನೆಯ ಒಬ್ಬ ಸದಸ್ಯರು ಇದ್ದರು, ಎಲ್ಲರೂ ರಿಪಬ್ಲಿಕನ್ನರು. ಕೇಳಿದ್ದು 2021ರ ಜನವರಿ 4ರಿಂದ 7ರವರೆಗಿನ ದಾಖಲೆ. ನಡುವಿನ 6ನೇ ತಾರೀಖು ಕ್ಯಾಪಿಟಲ್ ಮೇಲೆ ದಾಳಿ ನಡೆದ ದಿನ. ಸಂಸದರಿಗೆ ಹೇಳಕೂಡದೆಂದು ಕಂಪನಿಗಳಿಗೆ ನ್ಯಾಯಾಲಯದ ಆದೇಶವಿತ್ತು. ಅದಕ್ಕೆ ಉತ್ತರವೆಂಬಂತೆ 2025ರ ನವೆಂಬರ್‌ನಲ್ಲಿ, ಹಣ ಮಂಜೂರಾಗದೆ ಮುಚ್ಚಿದ್ದ ಸರ್ಕಾರಿ ಕಚೇರಿಗಳನ್ನು ಮತ್ತೆ ತೆರೆಯಿಸಿದ ಹಣಕಾಸು ಮಸೂದೆಯಲ್ಲೇ ಒಂದು ಕಲಮು ಸೇರಿತು: ಸೆನೆಟರ್‌ ಒಬ್ಬರ ದತ್ತಾಂಶವನ್ನು ಯಾರಾದರೂ ಕಾನೂನುಬದ್ಧವಾಗಿ ಕೇಳಿದರೆ ಕಂಪನಿ ಅವರ ಕಚೇರಿಗೆ ತಿಳಿಸಬೇಕು, ತಪ್ಪಿದ ಪ್ರತಿಯೊಂದು ಪ್ರಕರಣಕ್ಕೂ 5 ಲಕ್ಷ ಡಾಲರ್ ಕೇಳಿ ಸೆನೆಟರ್ ಸರ್ಕಾರದ ಮೇಲೆ ದಾವೆ ಹೂಡಬಹುದು. ಪರಿಹಾರದ ಈ ಭಾಗ ಕೆಳಮನೆಗೆ ಸಿಟ್ಟು ತರಿಸಿತು. ಆ ಕಲಮನ್ನು ತೆಗೆದುಹಾಕಲು ಅಲ್ಲಿ 426 ಮತ ಬಿದ್ದವು, ವಿರುದ್ಧ ಒಂದೂ ಇಲ್ಲ.

ಈಗ ಪದಗಳಿಗೆ ಬರೋಣ. ‘ನೋಟಿಸ್’ ಎಂದು ಹಾಗೇ ಬಿಟ್ಟರೆ ನಮ್ಮ ಓದುಗರಿಗೆ ಅರ್ಥ ತಿರುವುಮುರುವಾಗುತ್ತದೆ. ‘ಅವರಿಗೆ ನೋಟಿಸ್ ಬಂತಂತೆ’ ಎಂದರೆ ನಮ್ಮಲ್ಲಿ ಕಾರಣ ಕೇಳಿದ ಕಾಗದ, ಬ್ಯಾಂಕಿನ ಸಾಲದ ಕಾಗದ, ವಕೀಲರ ಕಾಗದ. ಹೆದರಿಸುವ ಕಾಗದ. ಇಲ್ಲಿರುವುದು ಕಾಪಾಡುವ ಕಾಗದ: ‘ನಿಮ್ಮ ವಿವರ ಕೇಳುತ್ತಿದ್ದಾರೆ, ತಕರಾರಿದ್ದರೆ ಈಗಲೇ ಕೋರ್ಟಿಗೆ ಹೋಗಿ’ ಎನ್ನುವುದು. ‘ಸೂಚನೆ’ ಹಾಕೋಣವೆಂದರೆ ಪತ್ರಿಕೆಗಳಲ್ಲಿ ಅದು ಪೂರ್ತಿ ಅಪ್ಪಣೆಯೇ ಆಗಿಬಿಟ್ಟಿದೆ. ‘ಅಧಿಕಾರಿಗಳಿಗೆ ಸಚಿವರ ಸೂಚನೆ’ ಎಂದು ದಿನವೂ ಓದುತ್ತೇವೆ. ‘ಮುನ್ಸೂಚನೆ’ ಮಳೆಗೆ ಹೋಯಿತು. ‘ಅಧಿಸೂಚನೆ’ ರಾಜ್ಯಪತ್ರದ್ದು. ‘ಮಾಹಿತಿ ನೀಡು’ ಎಂದರೆ, ಇಲ್ಲಿ ಕೇಳುತ್ತಿರುವ ವಸ್ತುವೇ ಮಾಹಿತಿ. ‘ಮಾಹಿತಿ ಕೇಳಿದ ಮಾಹಿತಿಯನ್ನು ನೀಡದೆ ಮಾಹಿತಿ ನೀಡಿದರು’ ಎಂಬಂಥ ವಾಕ್ಯವನ್ನು ನಾನೇ ಬರೆದು ಹೊಡೆದುಹಾಕಿದೆ. ಕಚೇರಿ ಕನ್ನಡದ ‘ತಿಳುವಳಿಕೆ ಪತ್ರ’ ಅರ್ಥಕ್ಕೆ ಹತ್ತಿರ ಬರುತ್ತದೆ, ಆದರೆ ಅದು ಕಡತದಿಂದ ಹೊರಗೆ ಹೆಚ್ಚು ಓಡಾಡಿಲ್ಲ. ಸದ್ಯಕ್ಕೆ ‘ಗಮನಕ್ಕೆ ತರು’ ಎಂಬುದನ್ನೇ ಹಿಡಿದಿದ್ದೇನೆ. ‘ಸಂಸದರ ಗಮನಕ್ಕೆ ತಾರದೆ’ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ತೊಂದರೆ ಏನೆಂದರೆ ಅದನ್ನು ನಾಮಪದ ಮಾಡಲಾಗದು, ನಿಯಮದ ತಲೆಬರಹಕ್ಕೆ ನಾಮಪದ ಬೇಕು.

ಎರಡನೆಯದು ಆ ‘ಹೇಳಕೂಡದು’ ಎಂಬ ಆದೇಶ. ‘ತಡೆಯಾಜ್ಞೆ’ ಎಂದರೆ ತನಿಖೆಯೇ ನಿಂತಿತು ಅಂದುಕೊಳ್ಳುತ್ತಾರೆ. ‘ಬಾಯಿಬಿಡದಂತೆ ಆದೇಶ’ ಎಂದರೆ ಠಾಣೆಯಲ್ಲಿ ಆರೋಪಿ ಬಾಯಿಬಿಟ್ಟ ನೆನಪು. ‘ಗೋಪ್ಯತಾ ಆದೇಶ’ ನೋಡಲು ಚೆನ್ನಾಗಿದೆ. (ಗೌಪ್ಯ ಅಲ್ಲ, ಗೋಪ್ಯ; ಈ ಜಗಳ ಬಳಗದಲ್ಲಿ ಹಿಂದೆಯೇ ಆಗಿದೆ, ನಾನು ಗೋಪ್ಯದ ಪಕ್ಷ.) ಆದರೆ ಈಚೆಗೆ ಅದೇ ಪದವನ್ನು ಖಾಸಗಿತನಕ್ಕೂ ಬಳಸುತ್ತಾರೆ. ಹಾಗಾಗಿ ‘ಸಂಸದರ ದತ್ತಾಂಶದ ಬಗ್ಗೆ ಗೋಪ್ಯತಾ ಆದೇಶ’ ಎಂದು ಓದಿದವರು, ಸಂಸದರ ಗುಟ್ಟನ್ನು ಕೋರ್ಟು ಕಾಪಾಡಿತು ಎಂದು ತಿಳಿದಾರು. ನಡೆದದ್ದು ಅದರ ತದ್ವಿರುದ್ಧ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ 2017ರ ಆಗಸ್ಟ್‌ನಲ್ಲಿ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಾಗ ‘ಖಾಸಗಿತನದ ಹಕ್ಕು’ ಎಂಬ ಒಳ್ಳೆಯ ಮಾತು ಬಳಕೆಯಲ್ಲಿತ್ತು. ಅದನ್ನು ಅಲ್ಲೇ ಉಳಿಸಿಕೊಂಡಿದ್ದರೆ ‘ಗೋಪ್ಯತೆ’ ಈ ಕೆಲಸಕ್ಕೆ ಬಿಡುವಾಗಿರುತ್ತಿತ್ತು.

ಮೂರನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ. ಮೂಲದಲ್ಲಿರುವುದು ‘ಟೋಲ್ ರೆಕಾರ್ಡ್’. ದೂರದ ಕರೆಗೆ ಬೇರೆ ದರ ಹಾಕುತ್ತಿದ್ದ ಕಾಲದ ಪದ, ನಮ್ಮ ಟ್ರಂಕ್ ಕಾಲ್ ಕಾಲದ್ದು ಅನ್ನಿ. ‘ಟೋಲ್ ದಾಖಲೆ’ ಎಂದರೆ ನೆಲಮಂಗಲದ ಟೋಲ್‌ಗೇಟ್ ಕಣ್ಣಿಗೆ ಬರುತ್ತದೆ. ಹಾಗೆಂದು ‘ಫೋನ್ ಕದ್ದಾಲಿಕೆ’ ಎಂದು ಬರೆಯುವುದು ಸುಳ್ಳೇ ಆಗುತ್ತದೆ. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಕರೆ ಮಾಡಿದರು ಎಂಬುದು ಆ ದಾಖಲೆಯಲ್ಲಿತ್ತೇ ಹೊರತು ಆಡಿದ ಮಾತು ಇರಲಿಲ್ಲ. ಅಮೆರಿಕದಲ್ಲೂ ಕೆಲವರು ಇದನ್ನು ಕದ್ದಾಲಿಕೆ ಎಂದೇ ಕರೆದು ಗೊಂದಲ ಎಬ್ಬಿಸಿದರು. ಕನ್ನಡದಲ್ಲಿ ಆ ಪದಕ್ಕೆ ಇನ್ನೂ ಹೆಚ್ಚು ಭಾರವಿದೆ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟದ್ದು ಕದ್ದಾಲಿಕೆಯ ಆರೋಪ ಬಂದಾಗ. ಅಂಥ ಪದವನ್ನು ಬಿಲ್ಲಿನ ವಿವರಕ್ಕೆ ಹಚ್ಚಬಾರದು. ನಮ್ಮ ಪೊಲೀಸರು ಇದನ್ನು ‘ಸಿಡಿಆರ್’ ಎನ್ನುತ್ತಾರೆ, ಅಪರಾಧ ಸುದ್ದಿ ಓದುವವರಿಗೆಲ್ಲ ಗೊತ್ತು. ನಾನು ‘ಕರೆ ವಿವರ’ ಎಂದು ಇಟ್ಟುಕೊಂಡಿದ್ದೇನೆ.

ಉಳಿದ ಸಣ್ಣವು: ‘ಶಾಸಕ’ ಎಂದರೆ ನಮಗೆ ವಿಧಾನಸೌಧ, ಆದ್ದರಿಂದ ಸಂಸದ. ‘ಸಬ್‌ಪೀನಾ’ಗೆ ‘ಸಮನ್ಸ್’ ಎಂದರೆ ಆಸಾಮಿಯನ್ನೇ ಕರೆದಂತೆ ಕೇಳಿಸುತ್ತದೆ. ಇಲ್ಲಿ ಕರೆದದ್ದು ಕಾಗದವನ್ನು, ಅದೂ ಕಂಪನಿಯ ಕೈಯಿಂದ. ನಮ್ಮ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಲ್ಲಿ ದಾಖಲೆ ತರಿಸುವುದಕ್ಕೂ ಸಮನ್ಸ್ ಇದೆ ಎನ್ನುವುದು ನಿಜ, ಆದರೂ ‘ದಾಖಲೆ ಹಾಜರುಪಡಿಸುವ ಆದೇಶ’ ಎಂದು ಬಿಡಿಸಿ ಬರೆದಿದ್ದೇನೆ.

ಪದಕ್ಕೆ ಇಷ್ಟು ಜಗ್ಗಾಡುವುದಕ್ಕೆ ಕಾರಣವಿದೆ. ಇದು ಒಂದು ಪಕ್ಷದ ಗೋಳಲ್ಲ. 2017 ಮತ್ತು 2018ರಲ್ಲಿ, ಟ್ರಂಪ್ ಅವರ ಮೊದಲ ಅವಧಿಯಲ್ಲೇ, ಸುದ್ದಿ ಸೋರಿಕೆಯ ತನಿಖೆಗೆಂದು ಇಬ್ಬರು ಡೆಮಾಕ್ರಟಿಕ್ ಸಂಸದರ ಮತ್ತು 43 ಸಿಬ್ಬಂದಿಯ ದಾಖಲೆ ತರಿಸಿದ್ದು 2024ರ ಡಿಸೆಂಬರ್‌ನ ನ್ಯಾಯ ಇಲಾಖೆಯ ತಪಾಸಣಾ ವರದಿಯಲ್ಲಿದೆ. ನಮ್ಮ ಲೋಕಸಭೆಯ 229ನೇ ನಿಯಮದಂತೆ ಸದಸ್ಯರನ್ನು ಬಂಧಿಸಿದರೆ ಸ್ಪೀಕರ್‌ಗೆ ಕೂಡಲೇ ತಿಳಿಸಬೇಕು. ಆ ನಿಯಮ ಬಂಧನ, ಶಿಕ್ಷೆಗಳ ಮಾತಾಡುತ್ತದೆ, ಕರೆ ವಿವರದ ಮಾತಿಲ್ಲ. ಇಲ್ಲೂ ಈ ಪ್ರಶ್ನೆ ಬರುವ ದಿನಕ್ಕೆ ಪದ ಸಿದ್ಧವಿರಲಿ ಎಂಬುದು ನನ್ನ ಆಸೆ.

ಅಮೆರಿಕದ ಆ ಕಲಮಿಗೆ ನನ್ನ ವಾಕ್ಯ ಈಗ ಹೀಗಿದೆ: ‘ಸಂಸದರ ಕರೆ ವಿವರವನ್ನು ಕೇಳಿದರೆ ಕಂಪನಿ ಅದನ್ನು ಅವರ ಗಮನಕ್ಕೆ ತರಬೇಕು, ತಿಳಿಸಕೂಡದೆಂದು ಕೋರ್ಟು ಆದೇಶಿಸುವಂತಿಲ್ಲ.’ ಸಂಸದರೇ ಅಪರಾಧ ತನಿಖೆಗೆ ಗುರಿಯಾಗಿದ್ದರೆ ವಿನಾಯಿತಿ ಇತ್ತು, ಅದನ್ನು ಮುಂದಿನ ವಾಕ್ಯದಲ್ಲಿ ಹೇಳುತ್ತೇನೆ. ಇದರ ತಲೆಬರಹಕ್ಕೆ ಒಂದೇ ಒಂದು ನಾಮಪದ ಹೇಳಿ. ಕೋರ್ಟಿನಲ್ಲಿ ಕೆಲಸ ಮಾಡಿದವರು, ಕಲಬುರಗಿ ಧಾರವಾಡ ಕಡೆಯವರು ದಯವಿಟ್ಟು ಬರೆಯಿರಿ. ನಿಮ್ಮ ಕಡೆಯ ಹಳೆಯ ಕಾಗದಪತ್ರಗಳಲ್ಲಿ ಹೆದರಿಸದೆ ಬರೇ ತಿಳಿಸುವ ಕಾಗದಕ್ಕೆ ಏನೆನ್ನುತ್ತಿದ್ದರು?