'ಕೊಸರು ಸಂಖ್ಯೆ' ಅನ್ನಬಹುದೇ?

ಗೆಳೆಯರೇ,

ಎಂಟನೇ ತರಗತಿ ಮಕ್ಕಳಿಗಾಗಿ ಒಂದು ಗಣಿತದ ಬರಹ ಬರೆಯುತ್ತಿದ್ದೇನೆ. ಎರಡು ಪದ ಸಿಗದೆ ನಿಂತಿದೆ.

ಒಂದು ಸಂಖ್ಯೆಯ ಭಾಜಕಗಳನ್ನೆಲ್ಲ, ಅಂದರೆ ಅದನ್ನು ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆಗಳನ್ನೆಲ್ಲ ಕೂಡಿಸಿ, ಆ ಸಂಖ್ಯೆಯೊಂದನ್ನು ಮಾತ್ರ ಬಿಡಿ. ಮೊತ್ತ ಅಷ್ಟಕ್ಕಷ್ಟೇ ಬಂದರೆ ಅದು ಪರಿಪೂರ್ಣ ಸಂಖ್ಯೆ. 6ಕ್ಕೆ 1, 2, 3 ಕೂಡಿದರೆ 6. ಆಮೇಲೆ 28, 496, 8128. ಐದನೆಯದು ಒಮ್ಮೆಲೇ ಕೋಟಿಗೆ ಜಿಗಿಯುತ್ತದೆ: 3,35,50,336.

ನಿನ್ನೆ ರಾತ್ರಿ ಮಗಳೂ ನಾನೂ ಇದನ್ನು ಕೂಡಿಸಿಯೇ ನೋಡಿದೆವು. ಈ ಸಂಖ್ಯೆ ಅಂದರೆ 4096 ಗುಣಿಸು 8191. 8191 ಅವಿಭಾಜ್ಯ. ಹಾಗಾಗಿ ಈ ಸಂಖ್ಯೆಯೊಂದನ್ನು ಬಿಟ್ಟು ಉಳಿದ ಭಾಜಕಗಳು ಎರಡು ಸಾಲಾಗಿ ನಿಲ್ಲುತ್ತವೆ. ಮೊದಲ ಸಾಲು 1, 2, 4 ಅಂತ 4096ರವರೆಗೆ. ಎರಡನೆಯದು 8191, 16,382 ಅಂತ ಇಮ್ಮಡಿಯಾಗುತ್ತ 1,67,75,168ರವರೆಗೆ. ಮೊದಲ ಸಾಲಿನ ಮೊತ್ತ ಸರಿಯಾಗಿ 8191. ಅದಕ್ಕೆ ಎರಡನೇ ಸಾಲಿನ 8191 ಕೂಡಿಸಿದರೆ 16,382. ಮುಂದೆ ಕಾದಿರುವುದೂ 16,382! ಕೂಡಿಸಿದಷ್ಟೂ ಮುಂದಿನದಕ್ಕೆ ಸಮ. ಕೊನೆಯದನ್ನೂ ಕೂಡಿಸಿದಾಗ ಪೆನ್ಸಿಲ್ ಕೆಳಗೆ 3,35,50,336 ಬಂತು. ಮಗಳು ಚಪ್ಪಾಳೆ ಹೊಡೆದಳು.

ಈಗ ಪದದ ಮಾತು. ಮೊತ್ತ ಹೆಚ್ಚು ಬರುವ ಸಂಖ್ಯೆಗೆ ಏನನ್ನೋಣ? 12ನ್ನು ಬಿಟ್ಟರೆ ಅದರ ಭಾಜಕಗಳು 1, 2, 3, 4, 6. ಮೊತ್ತ 16, ನಾಲ್ಕು ಜಾಸ್ತಿ. 'ಸಮೃದ್ಧ', 'ಅಧಿಕ' ಅಂದರೆ ಮಕ್ಕಳಿಗೆ ಕಣ್ಣಿಗೆ ಕಟ್ಟುವುದಿಲ್ಲ. ಧಾರವಾಡದ ಸೂಪರ್ ಮಾರ್ಕೆಟ್ ಅನ್ನುವ ತರಕಾರಿ ಪೇಟೆಯಲ್ಲಿ ಬದನೆಕಾಯಿ ತೂಗಿ ಆದ ಮೇಲೆ 'ಕೊಸರು ಹಾಕ್ರಿ' ಅನ್ನುತ್ತೇವೆ. ಮಾರುವ ಮುದುಕಿ ಇನ್ನೆರಡು ಕಾಯಿ ಚೀಲಕ್ಕೆ ಹಾಕುತ್ತಾಳೆ. ತೂಕದ ಮೇಲೆ ಬಂದದ್ದೇ ಕೊಸರು. ಹಾಗಾದರೆ 12 'ಕೊಸರು ಸಂಖ್ಯೆ', ಅದರ ಕೊಸರು 4. ಬೆಸ ಸಂಖ್ಯೆಗಳಲ್ಲಿ ಮೊದಲ ಕೊಸರು ಕಾಣಲು 945ರವರೆಗೆ ಹೋಗಬೇಕು. ಅದರ ಮೊತ್ತ 975, ಕೊಸರು 30. ಎಷ್ಟು ಸಲೀಸಾಗಿ ಹೇಳಲು ಬರುತ್ತದೆ, ಅಲ್ವಾ?

ತೊಡಕು ಇರುವುದು ಕಮ್ಮಿ ಬೀಳುವ ಸಂಖ್ಯೆಗೆ. 8ಕ್ಕೆ 1, 2, 4 ಕೂಡಿದರೆ 7. ಒಂದು ಸಾಲಲಿಲ್ಲ. 'ಸಾಲದ ಸಂಖ್ಯೆ' ಅಂತ ಬರೆದೆ. ಮಗಳು ಓದಿ, 'ಯಾರ ಸಾಲ?' ಅಂದಳು. ಬರಹದಲ್ಲಿ ಎರಡಕ್ಕೂ ಒಂದೇ ರೂಪ, ಹಾಗಾಗಿ ಅದನ್ನು ಹೊಡೆದು ಹಾಕಿದೆ. 'ಕೊರತೆ ಸಂಖ್ಯೆ' ಆಗಬಹುದು. ಆದರೆ ಕೊಸರಿನ ಪಕ್ಕದಲ್ಲಿ ಅದು ಸ್ವಲ್ಪ ಸಪ್ಪೆ.

'ಪರಿಪೂರ್ಣ'ದ ಬದಲು 'ಸರಿ ಸಂಖ್ಯೆ' ಅನ್ನೋಣವೆಂದರೆ ಸರಿ-ಬೆಸದ 'ಸರಿ' ಅಡ್ಡ ಬರುತ್ತದೆ. ಅದನ್ನು ಹಾಗೇ ಬಿಡುತ್ತೇನೆ.

ಗದಗ, ಹಾವೇರಿ ಕಡೆಯವರಿಗೆ ಒಂದು ಕೇಳಿಕೆ. ಕಾಳು ಅಳೆಯುವಾಗ ಸೇರು ತುಂಬದೆ ಉಳಿದರೆ, ಆ ಕಮ್ಮಿ ಬಿದ್ದ ಭಾಗಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಹಿರಿಯರನ್ನು ಕೇಳಿ ಬರೆಯಿರಿ.