ಹಳೇ ಕಾರಿಗೆ ಬೇರೆ ಸ್ಟೀರಿಂಗ್ ವೀಲ್ ಹಾಕಿದ ಮೇಲೆ ಕಿರ್ರ್ ಅಂತ ಸದ್ದು, ಯಾರಿಗಾದ್ರೂ ಅನುಭವ ಇದ್ಯಾ?

ಕೇಳಿದವರು:
ಎಲ್ರಿಗೂ ನಮಸ್ಕಾರ. ನನ್ನತ್ರ 1970ರ ದಶಕದ ಕಾರೊಂದಿದೆ, ಪವರ್ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗ್ ಅಂತೂ ಇಲ್ವೇ ಇಲ್ಲ. ಒರಿಜಿನಲ್ ವೀಲ್ ಬಿರುಕು ಬಿಟ್ಟಿತ್ತು ಅಂತ ಮರದ ರಿಮ್ ಇರೋ ಆಫ್ಟರ್‌ಮಾರ್ಕೆಟ್ ವೀಲು, ಜೊತೆಗೆ ಆ ಕಾರಿಗೇ ಅಂತ ಬರೋ ಬಾಸ್ ಕಿಟ್ಟು (ವೀಲನ್ನ ಸ್ಟೀರಿಂಗ್ ಶಾಫ್ಟಿಗೆ ಕೂಡಿಸೋ ನಡುವಿನ ತುಂಡು), ಎರಡೂ ತಗೊಂಡು ಹಾಕಿಸ್ದೆ. ನೋಡೋಕೆ ಸೂಪರ್. ಆದ್ರೆ ತಿರುಗಿಸಿದಾಗೆಲ್ಲ ಕಿರ್ರ್ ಅನ್ನುತ್ತೆ, ಒಂದು ಜಾಗಕ್ಕೆ ಬಂದಾಗ ಟಕ್ ಅನ್ನುತ್ತೆ, ಉಬ್ಬು ಹಾರಿಸಿದ್ರೆ ಕೈ ಹತ್ರನೇ ಏನೋ ಗಡಗಡ ಅನ್ನುತ್ತೆ. ಹಳೇ ವೀಲ್ ಇದ್ದಾಗ ಇದ್ಯಾವ್ದೂ ಇರ್ಲಿಲ್ಲ. ಸಂದಿಯೊಳಗೆ ಡಬ್ಲ್ಯೂಡಿ-40 ಸ್ಪ್ರೇ ಎಣ್ಣೆ ಹೊಡೆದುಬಿಡ್ಲಾ ಅಂತ ಯೋಚ್ನೆ. ಅನುಭವ ಇರೋರು ಹೇಳಿ ಪ್ಲೀಸ್.

ಮಿನಿ ಇಟ್ಕೊಂಡಿರೋರು:
ಕಣ್ಣು ಮುಚ್ಚಿ ಹೇಳ್ತೀನಿ, ಹಾರ್ನ್ ರಿಂಗ್. ಬಾಸ್ ಹಿಂದೆ ಒಂದು ಹಿತ್ತಾಳೆ ಬಳೆ ಇರುತ್ತೆ, ಕಾಲಂ (ಸ್ಟೀರಿಂಗ್ ಶಾಫ್ಟ್ ಇರೋ ಕೊಳವೆ) ಕಡೆಯಿಂದ ಸ್ಪ್ರಿಂಗ್ ಹಾಕಿರೋ ಒಂದು ಸಣ್ಣ ಪಿನ್ ಅದಕ್ಕೆ ಒತ್ಕೊಂಡು ಉಜ್ತಾ ಇರುತ್ತೆ, ಹಾರ್ನ್‌ಗೆ ಕರೆಂಟ್ ಹೋಗೋದು ಅಲ್ಲಿಂದ. ಹೊಸ ಬಾಸಲ್ಲಿ ಆ ಬಳೆ ಒಣಕಲಾಗಿ ಬರುತ್ತೆ, ಗ್ರೀಸ್ ಇರಲ್ಲ. ಅದೇ ಕಿರ್ರ್. ಡಬ್ಲ್ಯೂಡಿ ಹೊಡೀಬೇಡಿ.

ಗ್ಯಾರೇಜಲ್ಲಿ ಕೆಲಸ ಮಾಡೋರು:
ಹಾರ್ನ್ ರಿಂಗ್ ಇರಬಹುದು, ಇಲ್ದೇನೂ ಇರಬಹುದು, ಬಿಚ್ಚೋಕೆ ಮುಂಚೆ ಸದ್ದು ಎಲ್ಲಿಂದ ಅಂತ ಪಕ್ಕಾ ಮಾಡ್ಕೊಳ್ಳಿ ಸರ್. ಕಾಲಂ ಅನ್ನೋದು ಉದ್ದದ ಕಬ್ಬಿಣದ ಕೊಳವೆ, ಕೆಳಗೆ ರ‍್ಯಾಕ್ (ಚಕ್ರಗಳನ್ನ ತಿರುಗಿಸೋ ಭಾಗ) ಹತ್ರ ಆದ ಸದ್ದನ್ನೂ ತಂದು ನಿಮ್ಮ ಮೂಗಿನ ಮುಂದೆ ಇಡುತ್ತೆ, ಅದಕ್ಕೇ ಜನ ಚೆನ್ನಾಗಿರೋ ವೀಲನ್ನ ಮೂರು ಮೂರು ಸಲ ಬಿಚ್ಚಿ ಹಾಕ್ತಾರೆ. ನಾನು ಮಾಡೋದು ಹೀಗೆ. ಇಂಜಿನ್ ಆಫ್ ಮಾಡಿ, ಕೀ ತೆಗೆದು ಸ್ಟೀರಿಂಗ್ ಲಾಕ್ ಮಾಡಿ, ರಿಮ್ ಹಿಡ್ಕೊಂಡು ಮೆತ್ತಗೆ ಆ ಕಡೆ ಈ ಕಡೆ, ಆಮೇಲೆ ನಿಮ್ಮ ಕಡೆಗೆ, ಮುಂದಕ್ಕೆ ಅಲ್ಲಾಡ್ಸಿ (ಮೆತ್ತಗೆ ಅಂದ್ರೆ ಮೆತ್ತಗೆ, ಜೋರಾಗಿ ಜಗ್ಗಿದ್ರೆ ಹಳೇ ಲಾಕ್ ಮುರಿಯುತ್ತೆ). ಶಾಫ್ಟ್ ತಿರುಗದೇ ಇದ್ರೂ ಕಿರಗುಟ್ಟಿದ್ರೆ ಅದು ವೀಲು ಮತ್ತು ಬಾಸ್ ಕೂಡೋ ಜಾಗ, ಬೋಲ್ಟು, ಇಲ್ಲಾ ಮರದ ರಿಮ್ಮೇ. ಹಾರ್ನ್ ರಿಂಗಿಗೂ ಅದಕ್ಕೂ ಸಂಬಂಧನೇ ಇಲ್ಲ.

ಆಮೇಲೆ ಲಾಕ್ ತೆಗೆದು, ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ (ಬರೀ ಜ್ಯಾಕ್ ಮೇಲೆ ಬಿಟ್ಟು ಒಳಗೆ ಕೂರಬೇಡಿ), ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ತಿರುಗಿಸಿ. ಚಕ್ರ ಗಾಳಿಯಲ್ಲಿದ್ರೂ ಸದ್ದು ಬಂದ್ರೆ ಮೇಲಿಂದು, ಅಂದ್ರೆ ಬಾಸ್ ಹಿಂದಿನ ರಿಂಗು, ಇಂಡಿಕೇಟರ್ ಕ್ಯಾನ್ಸಲ್ ಮಾಡೋ ಕ್ಯಾಮು, ಕಾಲಂ ಬುಶ್ಶು (ಶಾಫ್ಟನ್ನ ಹಿಡಿದಿರೋ ಒಳಬಳೆ) ಈ ಮೂರರಲ್ಲಿ ಒಂದು ಅನ್ಕೊಳ್ಳಿ. ಎತ್ತಿದಾಗ ನಿಂತು, ನೆಲಕ್ಕೆ ಇಳಿಸಿದ ಮೇಲೆ ಮತ್ತೆ ಶುರುವಾದ್ರೆ ಭಾರ ಬಿದ್ದಾಗ ಬರೋ ಸದ್ದು, ಬಾಲ್ ಜಾಯಿಂಟು, ರ‍್ಯಾಕ್ ಬುಶ್ಶು, ಸ್ಟ್ರಟ್ ಇರೋ ಕಾರಾದ್ರೆ ಅದರ ಮೇಲಿನ ಬೇರಿಂಗು, ಆ ಕಡೆ ಹುಡುಕಬೇಕು. ಒಬ್ರು ತಿರುಗಿಸ್ತಾ ಇರಲಿ, ಇನ್ನೊಬ್ರು ಉದ್ದದ ಸ್ಕ್ರೂಡ್ರೈವರ್ ತುದೀನ ಕಾಲಂಗೆ ಒತ್ತಿ ಹಿಡಿಯನ್ನ ಕಿವಿಗೆ ಇಟ್ಕೊಂಡು ಮೇಲಿಂದ ಕೆಳಗೆ ಬರಲಿ, ಎಲ್ಲಿ ಜೋರೋ ಅಲ್ಲೇ ಗೊತ್ತಾಗುತ್ತೆ. ಇದು ಇಂಜಿನ್ ಆಫ್ ಇದ್ದಾಗ ಮಾತ್ರ.

ಕಾಗದದ ಟೆಸ್ಟ್ ಒಂದಿದೆ, ಅದನ್ನೂ ಮಾಡಿ. ಬಾಸಿಗೂ ಕಾಲಂ ಕವರ್‌ಗೂ ನಡುವಿನ ಸಂದಿಗೆ ಒಂದು ಪೋಸ್ಟ್‌ಕಾರ್ಡ್ ದಪ್ಪದ ಚೀಟಿ ತೂರಿಸಿ ಸುತ್ತಲೂ ಎಳ್ಕೊಂಡು ಬನ್ನಿ. ಸುತ್ತಲೂ ಸಲೀಸಾಗಿ ಬರಬೇಕು. ಎಲ್ಲಿ ಸಿಕ್ಕಾಕೊಳ್ಳುತ್ತೋ ಅಲ್ಲಿ ಬಾಸ್ ಪ್ಲಾಸ್ಟಿಕ್ಕಿಗೆ ಉಜ್ತಾ ಇದೆ ಅಂತ ಅರ್ಥ. ಆಫ್ಟರ್‌ಮಾರ್ಕೆಟ್ ಬಾಸ್‌ಗಳ ಅಂಚು ಒರಿಜಿನಲ್ಲಿಗಿಂತ ಒಂದೆರಡು ಮಿಲಿಮೀಟರ್ ಹಿಂದಕ್ಕೆ ಬಂದಿರೋದು ಮಾಮೂಲಿ, ಬೆಂಕಿಪೊಟ್ಟಣದಷ್ಟು ಸಂದಿ ಇರೋ ಕಡೆ ಅದು ನಡೆಯುತ್ತೆ, ಹಳೇ ಕಾರಲ್ಲಿ ಕವರ್ರೇ ಸೊಟ್ಟಗಾಗಿರುತ್ತೆ, ಅಲ್ಲಿ ನಡೆಯಲ್ಲ. ಬಹಳ ಸಲ ಕವರ್ ಸ್ಕ್ರೂ ಸಡಿಲ ಮಾಡಿ ಸ್ವಲ್ಪ ಹಿಂದಕ್ಕೆ ತಳ್ಳಿ ಟೈಟ್ ಮಾಡಿದ್ರೆ ಮುಗೀತು.

ಮರದ ವೀಲ್ ಇರೋ ಇನ್ನೊಬ್ರು:
ಮೇಲಿನವರು ಹೇಳಿದ ಲಾಕ್ ಟೆಸ್ಟ್ ಚೆನ್ನಾಗಿದೆ. ಅದ್ರಲ್ಲಿ ಸದ್ದು ಬಂದ್ರೆ ನನ್ನ ಅನುಭವ ನಿಮಗೆ ಉಪಯೋಗಕ್ಕೆ ಬರುತ್ತೆ. ಮೊದಲು ಆರು ಬೋಲ್ಟ್ ತೆಗೆದು ವೀಲ್ ಮಾತ್ರ ಕೈಗೆ ತಗೊಳ್ಳಿ, ಬಾಸ್ ಅಲ್ಲೇ ಇರಲಿ. ಎದುರುಬದುರು ಇರೋ ಎರಡು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೀರಿ. ಮೋಮೋ ಕಂಪನಿ ಅಳತೆ ಆದ್ರೆ 70 ಮಿಲಿಮೀಟರ್, ನಾರ್ಡಿ ಕಂಪನಿ ಅಳತೆ ಆದ್ರೆ 74. ನಾಲ್ಕೇ ಮಿಲಿಮೀಟರ್ ವ್ಯತ್ಯಾಸ ನೋಡಿ, ಅದಕ್ಕೇ ಕೆಲವರು ಒಂದರ ವೀಲನ್ನ ಇನ್ನೊಂದರ ಬಾಸಿಗೆ ಕೂರಿಸೋಕೆ ತೂತನ್ನ ಅರದಲ್ಲಿ ಉಜ್ಜಿ ಉದ್ದ ಮಾಡ್ತಾರೆ. ಸೆಕೆಂಡ್ ಹ್ಯಾಂಡ್ ವೀಲ್ ಆದ್ರೆ ಇದನ್ನ ನೋಡ್ಲೇಬೇಕು. ತೂತು ಮೊಟ್ಟೆ ಆಕಾರಕ್ಕೆ ಬಂದಿದ್ರೆ ಎಷ್ಟು ಟೈಟ್ ಮಾಡಿದ್ರೂ ವೀಲ್ ಜರುಗ್ತಾನೇ ಇರುತ್ತೆ, ಸದ್ದು ಬಿಡಿ, ಸ್ಟೀರಿಂಗ್ ಕೈಗೆ ಬಂದ್ರೆ ಏನ್ ಮಾಡ್ತೀರ. ಆ ವೀಲ್ ವಾಪಸ್ ಕೊಡಿ, ಇಲ್ಲಾ ಗೋಡೆಗೆ ನೇತುಹಾಕಿ.

ಇನ್ನೊಂದು, ಬೋಲ್ಟ್ ಉದ್ದ. ಬಾಸಲ್ಲಿ ತೂತು ಆರಪಾರ ಇಲ್ದೆ ಒಳಗೆ ಮುಚ್ಚಿರೋ ಥರ ಇದ್ರೆ, ಉದ್ದದ ಬೋಲ್ಟ್ ತಳ ಮುಟ್ಟಿ ನಿಂತುಬಿಡುತ್ತೆ. ಕೀಲಿಗೆ ಟೈಟ್ ಆದಂಗೆ ಅನ್ಸುತ್ತೆ, ತಲೆ ಮಾತ್ರ ವೀಲನ್ನ ಒತ್ತಿರಲ್ಲ. ಹಾರ್ನ್ ಬಟನ್ ರಿಂಗ್ (ವೀಲ್ ಮುಂದೆ ಬಟನ್ ಹಿಡಿಯೋದು, ಬಾಸ್ ಹಿಂದಿನ ಹಿತ್ತಾಳೆ ಬಳೆ ಅಲ್ಲ) ಹಾಕೋದು ಬಿಟ್ಟುಬಿಟ್ರೂ ಇದೇ ಕಥೆ, ಯಾಕಂದ್ರೆ ಬೋಲ್ಟಿನ ಉದ್ದ ಆ ರಿಂಗ್ ದಪ್ಪಾನೂ ಸೇರಿಸಿ ಲೆಕ್ಕ ಹಾಕಿರ್ತಾರೆ. ವೀಲ್ ಕೂರೋ ಮುಖಗಳೆರಡನ್ನೂ ಒರೆಸಿ, ಪೇಂಟ್ ಗುಳ್ಳೆ, ಅಲ್ಯೂಮಿನಿಯಂ ಚೂರು ಏನಾದ್ರೂ ಇದ್ರೆ ತೆಗೀರಿ. ಹಾಕುವಾಗ ಆರನ್ನೂ ಬೆರಳಲ್ಲೇ ಕೂರಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪ ಟೈಟ್ ಮಾಡಿ. ಸಣ್ಣ ಬೋಲ್ಟುಗಳು, ಉದ್ದದ ಹಿಡಿ ಹಾಕಿ ಶಕ್ತಿ ತೋರಿಸಿದ್ರೆ ಬಾಸಿನ ಅಲ್ಯೂಮಿನಿಯಂ ಥ್ರೆಡ್ ಕಿತ್ಕೊಂಡು ಬರುತ್ತೆ. ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲ ಆಗದಂಗೆ ಹಿಡಿಯೋ ಅಂಟು) ಒಂದೊಂದು ಹನಿ ಸಾಕು, ಕೆಂಪು ಬೇಡ, ಆಮೇಲೆ ಬಿಚ್ಚೋಕೆ ಒದ್ದಾಡ್ತೀರ.

ಮರದ ರಿಮ್ಮೇ ಕಿರಗುಟ್ತಾ ಇದ್ಯಾ ಅಂತ ನೋಡೋಕೆ, ಕಾರಿಂದ ಹೊರಗೆ ತೊಡೆ ಮೇಲೆ ಇಟ್ಕೊಂಡು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ತಿರುಚಿ. ಒಳಗೆ ಲೋಹದ ಬಳೆ, ಅದರ ಎರಡೂ ಕಡೆ ಮರ, ರಿವೆಟ್ ಹೊಡೆದು ಅಂಟು ಹಾಕಿರ್ತಾರೆ. ಹೆಬ್ಬೆರಳನ್ನ ಒಂದೊಂದೇ ರಿವೆಟ್ ಮೇಲೆ ಇಟ್ಟು ತಿರುಚಿದ್ರೆ ಸಡಿಲ ಇರೋದು ಉಗುರಿಗೆ ಗೊತ್ತಾಗುತ್ತೆ, ಅಲ್ಲಿ ವಾರ್ನಿಷ್ಷಲ್ಲಿ ಕೂದಲೆಳೆಯಷ್ಟು ಬಿರುಕೂ ಕಾಣುತ್ತೆ. ಅದನ್ನ ಎಣ್ಣೆ ಬಿಟ್ಟು ಸರಿ ಮಾಡೋಕಾಗಲ್ಲ, ಎಣ್ಣೆ ಕುಡಿದ ಮರಕ್ಕೆ ಆಮೇಲೆ ಅಂಟೂ ಹಿಡಿಯಲ್ಲ.

ಹೆಸರು ಹಾಕದ ಒಬ್ರು:
ಇಷ್ಟೆಲ್ಲ ಯಾಕೆ ಗುರು, ಡಬ್ಲ್ಯೂಡಿ-40 ಹೊಡೆದ್ರೆ ನನ್ನ ಗಾಡಿದು ನಿಂತೋಯ್ತು.

ಮಿನಿ ಇಟ್ಕೊಂಡಿರೋರು:
ನಿಲ್ಲುತ್ತೆ ಬ್ರದರ್, ಸ್ವಲ್ಪ ದಿನ. ಅದು ತೆಳ್ಳಗಿನ ಎಣ್ಣೆ, ಇರೋ ಹಳೇ ಗ್ರೀಸನ್ನೂ ತೊಳೆದು ಹಾಕಿ ತಾನೂ ಆರಿಹೋಗುತ್ತೆ, ಆಮೇಲೆ ಮೊದಲಿಗಿಂತ ಜೋರಾಗಿ ಶುರು. ಜೊತೆಗೆ ಅದು ಎಲ್ಲಿಗೆ ಹೋಗುತ್ತೆ ಅಂತ ಕಂಟ್ರೋಲ್ ಇಲ್ಲ, ಇಂಡಿಕೇಟರ್ ಸ್ವಿಚ್ ಒಳಗೆ ಇಳಿದು ಧೂಳೆಲ್ಲ ಹಿಡ್ಕೊಂಡು ಅಂಟಂಟಾಗುತ್ತೆ. ಒಂದಕ್ಕೆ ಮಾತ್ರ ಉಪಯೋಗ ಇದೆ, ಸಂದಿಗೆ ಒಂದೇ ಒಂದು ಪಿಚಕಾರಿ ಹೊಡೆದಾಗ ಸದ್ದು ತಕ್ಷಣ ನಿಂತ್ರೆ ಅಲ್ಲೇ ತೊಂದ್ರೆ ಅಂತ ಗೊತ್ತಾಗುತ್ತೆ. ಅಷ್ಟಕ್ಕೇ ಬಿಟ್ಟು ಬಿಚ್ಚಿ ಸರಿಯಾಗಿ ಮಾಡಿ.

ರಿಂಗಿಗೆ ನಾನು ಮಾಡೋದು: ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಿತ್ತಾಳೆ ಬಳೆ ಒರೆಸೋದು, ಗೀರು ಇದ್ರೆ ತುಂಬ ನುಣ್ಣಗಿನ ಎಮೆರಿ ಪೇಪರಲ್ಲಿ ಉಜ್ಜೋದು. ಪಿನ್ ತುದೀನೂ ನೋಡಿ, ಸವೆದು ಅಂಚು ಬ್ಲೇಡ್ ಥರ ಆಗಿದ್ರೆ ಅದೇ ಬಳೆಯನ್ನ ಕೆರೀತಾ ಇರುತ್ತೆ, ಎಮೆರಿಯಲ್ಲಿ ಗುಂಡಗೆ ಮಾಡಿ. ಆಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ಬೆರಳ ತುದೀಲಿ ತಗೊಂಡು ಬಳೆ ಮೇಲೆ ಸವರಿ, ಮಿಂಚಬೇಕು ಅಷ್ಟೇ, ಬಿಳಿಯಾಗಿ ನಿಲ್ಲಬಾರದು. ಆ ಗ್ರೀಸ್ ಕರೆಂಟ್ ಹರಿಸಲ್ಲ, ತೆಳ್ಳಗಿದ್ರೆ ಸ್ಪ್ರಿಂಗ್ ಒತ್ತಡಕ್ಕೆ ಪಿನ್ ಅದನ್ನ ಪಕ್ಕಕ್ಕೆ ಸರಿಸಿ ಲೋಹ ಮುಟ್ಟುತ್ತೆ, ದಪ್ಪ ಬಳಿದ್ರೆ ಹಾರ್ನ್ ಒಂದು ಸಲ ಹೊಡೆಯುತ್ತೆ ಒಂದು ಸಲ ಇಲ್ಲ. ಹಳೇ ಮಿನಿ ಕಾರುಗಳಲ್ಲಿ ಕಾಲಂ ಕೆಳತುದೀಲಿ ಫೆಲ್ಟ್ ಬುಶ್ ಇರುತ್ತೆ, ಅದು ಒಣಗಿದ್ರೂ ಕಿರ್ರ್ ಅನ್ನುತ್ತೆ, ಅದನ್ನ ಮಾತ್ರ ಎಣ್ಣೇಲಿ ನೆನೆಸಿ ಹಾಕಬೇಕು. ಪ್ಲಾಸ್ಟಿಕ್ ಬುಶ್ ಆದ್ರೆ ಸಿಲಿಕೋನ್ ಗ್ರೀಸು.

ಬೀಟಲ್ ಇಟ್ಕೊಂಡಿರೋರು:
ಟಕ್ ಬಗ್ಗೆ ಯಾರೂ ಹೇಳ್ಲಿಲ್ಲ. ಒಂದು ಸುತ್ತಿಗೆ ಒಂದೇ ಜಾಗದಲ್ಲಿ ಟಕ್ ಅಂದ್ರೆ ಇಂಡಿಕೇಟರ್ ಕ್ಯಾನ್ಸಲ್ ಮಾಡೋ ನಾಲಿಗೆ. ಬಾಸ್ ಹಿಂದೆ ಒಂದು ಗುಬ್ಬಿಯೋ ಮೊಳೆಯೋ ಇರುತ್ತೆ, ಅದು ಸ್ವಿಚ್ಚಿನ ಸಣ್ಣ ಕಡ್ಡಿಗೆ ತಾಗಿ ಇಂಡಿಕೇಟರನ್ನ ವಾಪಸ್ ತಳ್ಳುತ್ತೆ. ಇಂಡಿಕೇಟರ್ ಹಾಕಿದ್ದಾಗ ಟಕ್ ಅನ್ನೋದು ಸರಿ, ಹಾಕದೇ ಇದ್ದಾಗ್ಲೂ ಪ್ರತಿ ಸುತ್ತಿಗೂ ಅಂದ್ರೆ ಬಾಸ್ ತುಂಬ ಒಳಗೆ ಕೂತಿದೆ, ಇಲ್ಲಾ ಗುಬ್ಬಿ ಉದ್ದ ಆಗಿದೆ. ಒಂದ್ಸಲ ಬಲಕ್ಕೆ ಇಂಡಿಕೇಟರ್ ಬೇಗ ಬಿದ್ದು ಎಡಕ್ಕೆ ಬೀಳದೇ ಇದ್ರೆ ಬಾಸ್ ಶಾಫ್ಟಿನ ಮೇಲೆ ಒಂದೆರಡು ಹಲ್ಲು ಆಚೀಚೆ ಕೂತಿದೆ. ಬೀಟಲ್‌ನಲ್ಲಂತೂ ವೀಲ್ ಕೂರಿಸುವಾಗ ಇಂಡಿಕೇಟರ್ ಕಡ್ಡಿ ನಡುವಲ್ಲೇ ಇರಬೇಕು, ಇಲ್ದಿದ್ರೆ ಸ್ವಿಚ್ಚಿನ ಕ್ಯಾಮ್ ಮುರಿಯುತ್ತೆ, ಬೇರೆ ಕಾರಿಗೂ ಹಾಗೇ ಮಾಡಿದ್ರೆ ನಷ್ಟ ಇಲ್ಲ.

ಬೀಟಲ್ ಇರೋರು ಯಾರಾದ್ರೂ ಓದ್ತಾ ಇದ್ರೆ: ನಮ್ಮ ಗಾಡೀಲಿ ಹಾರ್ನ್ ಅರ್ಥ್ ಸ್ಟೀರಿಂಗ್ ಶಾಫ್ಟ್ ಮೂಲಕವೇ ಹೋಗೋದು, ಕೆಳಗೆ ರಬ್ಬರ್ ಕಪ್ಲಿಂಗ್ ಇರೋದ್ರಿಂದ ಅದನ್ನ ದಾಟೋಕೆ ಒಂದು ಸಣ್ಣ ವೈರ್ ಇರುತ್ತೆ. ವೀಲ್ ಬದಲಾಯಿಸಿದ ಮೇಲೆ ಹಾರ್ನ್ ಸತ್ರೆ ಮೇಲೆ ಹುಡುಕಿ ಸುಸ್ತಾಗೋ ಬದಲು ಆ ವೈರನ್ನೂ ನೋಡಿ.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಲಾಕ್ ಟೆಸ್ಟಲ್ಲಿ ಏನೂ ಸದ್ದಿಲ್ಲ, ತೂತು 70 ಇದೆ, ದುಂಡಗೇ ಇದೆ. ಚಕ್ರ ಎತ್ತಿದ್ರೂ ಕಿರ್ರ್ ಬರುತ್ತೆ. ಚೀಟಿ ಕೆಳಗಡೆ ಸಿಕ್ಕಾಕೊಳ್ತು, ಕವರ್ ಹಿಂದಕ್ಕೆ ತಳ್ಳಿದ ಮೇಲೆ ಆ ಚರಚರ ಹೋಯ್ತು, ಆದ್ರೆ ಸಣ್ಣಗೆ ಕಿರ್ರ್ ಇನ್ನೂ ಇದೆ. ಹಂಗಾದ್ರೆ ಬಾಸ್ ಬಿಚ್ಚಲೇಬೇಕು ಅನ್ಸುತ್ತೆ. ಕೈಯಲ್ಲಿ ಎಳೆದ್ರೆ ಬರ್ತಿಲ್ಲ, ಹಿಂದಿನಿಂದ ಸುತ್ತಿಗೇಲಿ ತಟ್ಟಬಹುದಾ?

ಗ್ಯಾರೇಜಲ್ಲಿ ಕೆಲಸ ಮಾಡೋರು:
ಸುತ್ತಿಗೆ ಮುಟ್ಟಬೇಡಿ! 1970ರ ದಶಕದ ಕಾರಂದ್ರೆ ಅದರಲ್ಲಿ ಅಪಘಾತ ಆದಾಗ ಒಳಗೆ ಕುಸಿಯೋ ಥರದ ಕಾಲಂ ಇರೋ ಸಾಧ್ಯತೆ ಹೆಚ್ಚು, ತಟ್ಟಿದ್ರೆ ಅದರೊಳಗಿನ ಪ್ಲಾಸ್ಟಿಕ್ ಪಿನ್ನು ಕತ್ತರಿಸಿ ಶಾಫ್ಟ್ ಹಿಂದೆ ಮುಂದೆ ಜಾರೋಕೆ ಶುರು ಆಗುತ್ತೆ, ಆಮೇಲೆ ಕಾಲಮ್ಮೇ ಬದಲಾಯಿಸಬೇಕು. ಪುಲ್ಲರ್ (ಸ್ಕ್ರೂ ತಿರುಗಿಸಿ ಬಾಸನ್ನ ಹೊರಗೆಳೆಯೋ ಸಾಧನ) ತಗೊಳ್ಳಿ. ಬ್ಯಾಟರಿ ವೈರ್ ತೆಗೀರಿ, ಚಕ್ರ ನೇರ ಮಾಡಿ, ಶಾಫ್ಟ್ ಮೇಲೂ ಬಾಸ್ ಮೇಲೂ ಒಂದೇ ಗೆರೆ ಬರೋಹಂಗೆ ಮಾರ್ಕರಲ್ಲಿ ಗುರುತು ಹಾಕಿ. ನಟ್ಟನ್ನ ಪೂರ್ತಿ ತೆಗೀಬೇಡಿ, ನಾಲ್ಕೈದು ಸುತ್ತು ಸಡಿಲ ಮಾಡಿ ಶಾಫ್ಟ್ ತುದೀಲೇ ಬಿಡಿ, ಬಾಸ್ ಪಟ್ ಅಂತ ಬಿಟ್ಟಾಗ ನಟ್ಟು ತಡೆಯುತ್ತೆ, ನಿಮ್ಮ ಮೂಗು ಉಳಿಯುತ್ತೆ. ವಾಪಸ್ ಹಾಕುವಾಗ ನಟ್ಟನ್ನ ಅಂದಾಜಲ್ಲಿ ಬಿಗೀಬೇಡಿ, ನಿಮ್ಮ ಕಾರಿನ ಮ್ಯಾನ್ಯುಯಲ್ಲಲ್ಲಿ ಇರೋ ಟಾರ್ಕಿಗೆ (ಬಿಗಿತದ ಅಳತೆಗೆ) ಟಾರ್ಕ್ ರೆಂಚಲ್ಲೇ ಬಿಗೀರಿ, ಲಾಕ್ ವಾಷರ್ ಇದ್ರೆ ಹೊಸದು ಹಾಕಿ.

ಮತ್ತೆ ಇದನ್ನ ಓದೋ ಬೇರೆಯವರಿಗೆ: ಏರ್‌ಬ್ಯಾಗ್ ಇರೋ ಕಾರಾದ್ರೆ ಈ ಚರ್ಚೆ ನೋಡ್ಕೊಂಡು ಕೈ ಹಾಕಬೇಡಿ.

ಕೇಳಿದವರು:
ಬಿಚ್ಚಿದೆ. ಬಳೆ ಮೇಲೆ ಸುತ್ತಲೂ ಕಪ್ಪು ಗೆರೆ, ಪಿನ್ ತುದಿ ಒಂದು ಕಡೆ ಓರೆಯಾಗಿ ಸವೆದಿತ್ತು, ಹೊಸ ಬಳೆಗೆ ಹಳೇ ಪಿನ್ ಅಲ್ವಾ. ಗುಂಡಗೆ ಮಾಡಿ ಗ್ರೀಸ್ ಸವರಿದ ಮೇಲೆ ಕಿರ್ರ್ ಪೂರ್ತಿ ಹೋಯ್ತು. ಟಕ್ ಇಂಡಿಕೇಟರ್ ಹಾಕಿದಾಗ ಮಾತ್ರ ಬರುತ್ತೆ ಈಗ. ಗಡಗಡ ಹಂಗೇ ಇದೆ.

ಮರದ ವೀಲ್ ಇರೋ ಇನ್ನೊಬ್ರು:
ಹಾರ್ನ್ ಬಟನ್ ಒತ್ತಿ ಹಿಡ್ಕೊಳ್ಳೋಕಾಗಲ್ಲ, ಅಕ್ಕಪಕ್ಕದವರು ಬೈತಾರೆ, ಅದಕ್ಕೆ ಬ್ಯಾಟರಿ ವೈರ್ ತೆಗೆದು ನಿಂತ ಗಾಡೀಲೇ ವೀಲನ್ನ ಅಂಗೈಯಲ್ಲಿ ತಟ್ಟಿ ನೋಡಿ, ಬಟನ್ ಮೇಲೆ ಬೆರಳು ಇಟ್ಟಾಗ ಗಡಗಡ ನಿಂತ್ರೆ ಅದೇ. ಆ ಬಟನ್ ಬರೀ ಒತ್ತಿ ಕೂರಿಸಿರೋದು, ಸುತ್ತಲೂ ತೆಳ್ಳಗಿನ ಫೆಲ್ಟ್ ಟೇಪ್ ಒಂದು ಸುತ್ತು ಹಾಕಿ ಕೂರಿಸಿ. ಒಳಗಿನ ಹಾರ್ನ್ ವೈರ್ ಉದ್ದ ಇದ್ರೆ ಅದೂ ಬಾಸಿನ ಗೋಡೆಗೆ ಬಡೀತಿರುತ್ತೆ, ಒಂದು ತುಂಡು ಸ್ಪಂಜ್ ತುರುಕಿ. ಹಂಗೇ ಬಟನ್ ಬಿಚ್ಚಿದಾಗ ಆರೂ ಬೋಲ್ಟಿಗೆ ಮತ್ತೊಂದ್ಸಲ ಕೀಲಿ ಹಾಕಿ ನೋಡ್ಬಿಡಿ, ಹೊಸದಾಗಿ ಕೂರಿಸಿದ್ದು ಸ್ವಲ್ಪ ಓಡಿದ ಮೇಲೆ ಒಂಚೂರು ಸಡಿಲ ಆಗೋದುಂಟು.