ಪುಟ್ಟಾ, ವ್ಯಾಟ್ ಆಮೇಲೆ, ಮೊದಲು ಫ್ಯೂಸಿನ ವಿಷಯ ಕೇಳು

ಪುಟ್ಟಾ, ನಿನ್ನ ಪ್ರಶ್ನೆಯನ್ನು ಈಗಷ್ಟೇ ನೋಡಿದೆ. ಆಂಪ್ಲಿಫೈಯರ್ ಡಬ್ಬಿಯ ಮೇಲೆ 1000 ವ್ಯಾಟ್ ಎಂದಿದೆ, ಕಾರಿನ ಬಾಗಿಲಿಗೆ ಹಾಕುವ ಸ್ಪೀಕರಿನ ಮೇಲೆ 60 ವ್ಯಾಟ್ ಎಂದಿದೆ, ಜೋಡಿಸಿದ ದಿನವೇ ಸುಟ್ಟುಹೋಗುತ್ತದೆಯೇ ಎಂದು ಕೇಳಿದ್ದೀಯ. ಅದರ ಕೆಳಗೇ ನಿನ್ನ ಅಮ್ಮ, "ಇರುವುದೇ ಸಾಕು ಎಂದು ಇವನಿಗೆ ಸ್ವಲ್ಪ ಹೇಳಿ ಭಾವ" ಎಂದು ಬರೆದಿದ್ದಾಳೆ. ಸಾಕು ಎಂದು ನಾನು ಹೇಳುವುದಿಲ್ಲ. ಕಾರಿನ ಜೊತೆಗೆ ಬರುವ ಸ್ಪೀಕರನ್ನು ಬಿಚ್ಚಿ ಆ ಪುಟಾಣಿ ಅಯಸ್ಕಾಂತವನ್ನು ನೋಡಿದವರಾರೂ ಹಾಗೆ ಹೇಳುವುದಿಲ್ಲ. ಆದರೆ ಸ್ಪೀಕರ್ ಸುಡುವುದು ಸಣ್ಣ ಮಾತು. ಕಾರೇ ಸುಡುವ ಜಾಗ ಬೇರೆ ಇದೆ.

ನಮ್ಮ ನೀಲಿ ಕಾರು ನಿಮಗೆಲ್ಲ ನೆನಪಿದೆ. ಅದರ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಮತ್ತು ವೂಫರ್, ಅಂದರೆ ತಗ್ಗು ದನಿಯ ದೊಡ್ಡ ಸ್ಪೀಕರ್ ಇರುವ ಪೆಟ್ಟಿಗೆ ಹಾಕಿಸಿದ್ದೆ. ಕೂರಿಸಿದವನು ಬ್ಯಾಟರಿಯಿಂದ ಕೆಂಪು ತಂತಿ ಎಳೆದ, ಎಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿನಲ್ಲಿ ತೂತು ಕೊರೆದು ಒಳಗೆ ತೂರಿಸಿದ, ಕಾರ್ಪೆಟ್ಟಿನ ಅಡಿಯಿಂದ ಡಿಕ್ಕಿಗೆ ಒಯ್ದ. ಫ್ಯೂಸ್ ಎಲ್ಲಯ್ಯಾ ಎಂದೆ. ಆಂಪ್ಲಿಫೈಯರಿನ ಮಗ್ಗುಲಲ್ಲೇ ತೋರಿಸಿದ. ಬ್ಯಾಟರಿಯ ಹತ್ತಿರ ಇರಬೇಕಲ್ಲವೇ ಎಂದು ಕೇಳಿದರೆ, "ಎಲ್ಲಿದ್ದರೂ ಫ್ಯೂಸ್ ಫ್ಯೂಸೇ ಸಾರ್" ಎಂದ. ಕೆಲಸದವನ ಕೈ ನಿಲ್ಲಿಸಿ ವಾದ ಮಾಡಬೇಡಿ, ಹೊತ್ತಾಯಿತು ಎಂದು ನಿಮ್ಮ ದೊಡ್ಡಮ್ಮ ಅವಸರ ಮಾಡಿದಳು.

ಆ ತೂತಿನ ಅಂಚಿಗೆ ಅವನು ರಬ್ಬರ್ ಬುಷ್, ಅಂದರೆ ತಂತಿ ಉಜ್ಜದಂತೆ ಕಾಯುವ ರಬ್ಬರ್ ಬಳೆ, ಹಾಕಿರಲಿಲ್ಲ. ಎಂಜಿನ್ ನಡುಗಿದಾಗಲೆಲ್ಲ ಕೊರೆದ ತಗಡಿನ ಹರಿತವಾದ ಅಂಚು ತಂತಿಯ ಹೊದಿಕೆಯನ್ನು ತಿನ್ನುತ್ತಲೇ ಇತ್ತು. ಒಂದು ಸಂಜೆ, ಹಿಂದೆ ನಿಮ್ಮ ದೊಡ್ಡಮ್ಮನೂ ಚಿಕ್ಕಮ್ಮನೂ ಕುಳಿತಿದ್ದಾರೆ, ಹಾಡು ಸಣ್ಣಗೆ ಕೇಳುತ್ತಿದೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ನೋಡನೋಡುತ್ತಿದ್ದಂತೆ ಸ್ಟೀರಿಂಗಿನ ಕೆಳಗಿನಿಂದ ಬಿಳಿ ಹೊಗೆ. ಬದಿಗೆ ನಿಲ್ಲಿಸಿ ಕೀ ತೆಗೆದೆ. ಹೊಗೆ ನಿಲ್ಲಲಿಲ್ಲ. ಹೇಗೆ ನಿಲ್ಲುತ್ತದೆ, ಆ ತಂತಿಗೆ ಕೀಲಿಯ ಹಂಗಿಲ್ಲ, ಅದು ನೇರವಾಗಿ ಬ್ಯಾಟರಿಯಿಂದ ಬಂದದ್ದು. ಬಾನೆಟ್ ಎತ್ತಿದರೆ ಕೆಂಪು ಹೊದಿಕೆ ಗುಳ್ಳೆ ಎದ್ದು, ಕರಗಿ, ಕೆಳಗಿನ ಪೈಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬಾಗಿಲಿನ ಜೇಬಿನಲ್ಲಿ 10 ನಂಬರ್ ಸ್ಪ್ಯಾನರ್ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಮೈನಸ್ ಟರ್ಮಿನಲ್ ಬಿಚ್ಚಿ ಎಳೆದ ಮೇಲೆಯೇ ಅದು ತಣ್ಣಗಾದದ್ದು. ಆಮೇಲೆ ಡಿಕ್ಕಿ ತೆಗೆದು ನೋಡುತ್ತೇನೆ, ಫ್ಯೂಸ್ ಹೊಚ್ಚ ಹೊಸದರಂತೆ ಕುಳಿತಿದೆ!

ಏಕೆಂದರೆ ಕರೆಂಟ್ ಅದರವರೆಗೆ ಹೋಗಲೇ ಇಲ್ಲ. ದಾರಿಯಲ್ಲೇ ತಗಡಿಗೆ ತಾಗಿ ಬ್ಯಾಟರಿಗೆ ವಾಪಸಾಯಿತು. ಕೆರೆಯ ಏರಿ ಒಡೆದಿರುವಾಗ ಗದ್ದೆಯ ತೂಬು ಮುಚ್ಚಿ ಕುಳಿತರೆ ಏನು ಬಂತು? ಕಾರಿನ ಬ್ಯಾಟರಿ ಬರೀ 12 ವೋಲ್ಟ್ ತಾನೇ ಎಂದು ಹಗುರವಾಗಿ ಮಾತನಾಡುತ್ತಾರೆ. ಶಾರ್ಟ್ ಆದರೆ ಅದು ನೂರಾರು ಆಂಪಿಯರ್ ಕಕ್ಕುತ್ತದೆ. ಆ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯಲಿಕ್ಕಲ್ಲ, ತಂತಿಯನ್ನು ಕಾಯಲಿಕ್ಕೆ. ಆದ್ದರಿಂದ ಬ್ಯಾಟರಿಯ ಟರ್ಮಿನಲ್ಲಿನಿಂದ 18 ಇಂಚಿನೊಳಗೆ, ಅಂದರೆ ಸುಮಾರು 45 ಸೆಂಟಿಮೀಟರ್ ಒಳಗೆ ಫ್ಯೂಸ್ ಇರಲೇಬೇಕು. ತಗಡು ದಾಟುವ ಕಡೆ ರಬ್ಬರ್ ಬುಷ್ ಇರಲೇಬೇಕು.

ಇಷ್ಟಾದರೂ ನಮ್ಮ ಮನೆಯಲ್ಲಿ ಮಾತು ಹೇಗೆ ಹಬ್ಬಿತು ಗೊತ್ತೇ? "ಹಾಡು ಜೋರಾಗಿ ಹಾಕಿ ಕಾರಿಗೆ ಬೆಂಕಿ ಹಚ್ಚಿಕೊಂಡವರು" ಎಂದು. ನಾನು ಜೋರಾಗಿ ಹಾಕುವವನೇ? ನಾಲ್ಕು ಜನ ಸೇರಿದ ಕಡೆಯೆಲ್ಲ ಚಿಕ್ಕ ಭಾವ ಅದೇ ಕಥೆ ಹೇಳಿ ನಗಿಸುತ್ತಾರೆ. ಈ ಗುಂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಕಾರಿನಿಂದ ಇಳಿಸಿದ ವೂಫರ್ ಪೆಟ್ಟಿಗೆಯನ್ನು ನಾಲ್ಕು ದಿನ ಟಿವಿಗೆ ಹಾಕಿ ನೋಡುತ್ತೇನೆ ಎಂದು ಒಯ್ದವರೂ ಅವರೇ. ಅದು ಸುಮ್ಮನೆ ಮರದ ಡಬ್ಬಿಯಲ್ಲ. ವೂಫರ್ ತಯಾರಕರು ಕೊಟ್ಟ ಅಳತೆಗೆ ಸರಿಯಾಗಿ, ಒಳಗಿನ ಗಾಳಿಯೇ ಸ್ಪೀಕರಿನ ಅದುರುವ ಕೋನನ್ನು ಹತೋಟಿಯಲ್ಲಿಡುವಂತೆ, ಎಲ್ಲಿಯೂ ಗಾಳಿ ಸೋರದಂತೆ ಮಾಡಿಸಿದ ಪೆಟ್ಟಿಗೆ. ಅದರ ಮಗ್ಗುಲಿಗೆ ತೂತು ಕೊರೆದು ಮೊಬೈಲ್ ಚಾರ್ಜರಿನ ವಯರ್ ತೂರಿಸಿದ್ದಾರೆ, ಮೇಲೆ ಹೂದಾನಿ ಇಟ್ಟಿದ್ದಾರೆ. ಕಳೆದ ಬಾರಿ ಹೋದಾಗ ಕಣ್ಣಾರೆ ಕಂಡೆ. ಕೇಳಿದರೆ, "ನಿಮಗೇಕೆ ಭಾವ ಇನ್ನು ಅದೆಲ್ಲ" ಎನ್ನುತ್ತಾರೆ. ಹೋಗಲಿ ಬಿಡು.

ಇನ್ನೊಮ್ಮೆ ಹೇಳುತ್ತೇನೆ ಪುಟ್ಟಾ: ಫ್ಯೂಸ್ ಬ್ಯಾಟರಿಯ ಪಕ್ಕದಲ್ಲಿ, ಡಿಕ್ಕಿಯಲ್ಲಿ ಅಲ್ಲ. ನೀನೇ ಬಾನೆಟ್ ಎತ್ತಿಸಿ ನೋಡು. ಕಾಣದಿದ್ದರೆ ಕಾರು ತೆಗೆದುಕೊಂಡು ಬರಬೇಡ.

ಅಯ್ಯೋ, ನೀನು ಕೇಳಿದ್ದು ವ್ಯಾಟಿನ ಬಗ್ಗೆ ಅಲ್ಲವೇ. ಆ 1000 ಎಂಬುದು ಡಬ್ಬಿ ಮಾರಲು ಬರೆದ ಅಂಕಿ. ಆಂಪ್ಲಿಫೈಯರಿನ ಮೈಮೇಲೆ ಚುಚ್ಚಿರುವ ಫ್ಯೂಸುಗಳನ್ನು ನೋಡು. ಉದಾಹರಣೆಗೆ 25 ಆಂಪಿಯರಿನವು ಎರಡಿದ್ದರೆ ಒಟ್ಟು 50. ಎಂಜಿನ್ ಓಡುವಾಗ ವೋಲ್ಟೇಜ್ ಸುಮಾರು 13.8. ಗುಣಿಸಿದರೆ 690 ವ್ಯಾಟ್. ಒಳಗೆ ಹೋಗುವುದೇ ಅಷ್ಟಾದರೆ ಹೊರಗೆ 1000 ಎಲ್ಲಿಂದ ಬರಬೇಕು? ಅದರಲ್ಲಿಯೂ ಆಂಪ್ಲಿಫೈಯರ್ ಎಬಿ ಕ್ಲಾಸ್ ಎಂಬ ಬಗೆಯದಾದರೆ ಅರ್ಧದಷ್ಟು ಬಿಸಿಯಾಗಿಯೇ ಹೋಗುತ್ತದೆ, ಡಿ ಕ್ಲಾಸ್ ಆದರೆ ನಷ್ಟ ಬಹಳ ಕಡಿಮೆ. ಜೊತೆಗಿರುವ ಪುಸ್ತಕದಲ್ಲಿ "4 ಓಮ್‌ನಲ್ಲಿ ಪ್ರತಿ ಚಾನೆಲಿಗೆ ಇಷ್ಟು ಆರ್‌ಎಂಎಸ್" ಎಂಬ ಸಾಲನ್ನು ಹುಡುಕು. ಓಮ್ ಎಂದರೆ ಸ್ಪೀಕರಿನ ತಡೆಯ ಅಳತೆ, ಆರ್‌ಎಂಎಸ್ ಎಂದರೆ ಸತತವಾಗಿ ಕೊಡಬಲ್ಲ ನಿಜವಾದ ವ್ಯಾಟ್. ಆ ಸಾಲಿನ ಅಂಕಿ 50ರಿಂದ 75ರ ಒಳಗಿದ್ದರೆ ನಿನ್ನ 60 ವ್ಯಾಟಿನ ಸ್ಪೀಕರಿಗೆ ಸರಿಹೋಗುತ್ತದೆ, ಕಣ್ಣು ಮುಚ್ಚಿ ತೆಗೆದುಕೋ.

ಸ್ಪೀಕರ್ ಸುಡುವುದು ಆಂಪ್ಲಿಫೈಯರ್ ದೊಡ್ಡದಾಗಿದ್ದಕ್ಕೆ ಮಾತ್ರವಲ್ಲ, ಚಿಕ್ಕದನ್ನು ಕಿವಿ ಹಿಂಡಿ ಕೂಗಿಸಿದ್ದಕ್ಕೂ ಹೌದು. ಆಂಪ್ಲಿಫೈಯರಿನ ಶಕ್ತಿ ಮೀರಿದಾಗ ದನಿಯ ಅಲೆಯ ನೆತ್ತಿ ಕತ್ತರಿಸಿದಂತಾಗುತ್ತದೆ, ಮೊದಲು ಟ್ವೀಟರ್, ಅಂದರೆ ಕೀರಲು ದನಿಯ ಪುಟ್ಟ ಸ್ಪೀಕರ್, ಹೋಗುತ್ತದೆ. ಆಂಪ್ಲಿಫೈಯರಿನ ಮೇಲಿರುವ ಗೇನ್ ಎಂಬ ತಿರುಪು ವಾಲ್ಯೂಮ್ ಅಲ್ಲ. ಪ್ಲೇಯರಿನ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಇಟ್ಟು, ಗೇನನ್ನು ನಿಧಾನವಾಗಿ ಏರಿಸಿ, ದನಿ ಒಡೆದ ಕೂಡಲೇ ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಡಲು ಹೇಳು. ಮುಂದೆ ವೂಫರ್ ಬಂದರೆ ಬಾಗಿಲಿನ ಸ್ಪೀಕರಿಗೆ 80 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ದನಿ ಹೋಗದಂತೆ ಫಿಲ್ಟರ್ ಇರಲಿ.

ನನ್ನನ್ನು ಕೇಳಿದರೆ ವೂಫರ್ ಈಗಲೇ ಬೇಡ. ಆ ದುಡ್ಡಿನಲ್ಲಿ ಬಾಗಿಲಿನ ಒಳತಗಡಿಗೆ ಸದ್ದು ತಡೆಯುವ ಹಾಳೆ ಅಂಟಿಸಿ, ದೊಡ್ಡ ತೂತುಗಳನ್ನು ಮುಚ್ಚಿಸು. ಅರ್ಧ ಬಾಸ್ ಅಲ್ಲೇ ಸಿಗುತ್ತದೆ. ತಂತಿ ಪೂರ್ತಿ ತಾಮ್ರದ್ದಾಗಿರಲಿ. ತಾಮ್ರ ಬಳಿದ ಅಲ್ಯೂಮಿನಿಯಂ ತಂತಿಯನ್ನೂ ಅದೇ ಗೇಜ್, ಅಂದರೆ ಅದೇ ದಪ್ಪ, ಎಂದು ಮಾರುತ್ತಾರೆ, ಆದರೆ ಅಲ್ಯೂಮಿನಿಯಂ ಕರೆಂಟ್ ಒಯ್ಯುವುದು ತಾಮ್ರದ ಸುಮಾರು ಶೇ. 60ರಷ್ಟು ಮಾತ್ರ. ತುದಿಯನ್ನು ಚಾಕುವಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅರ್ತ್ ತಂತಿ ಗಿಡ್ಡವಾಗಿರಲಿ, ಬಣ್ಣ ಕೆರೆದ ಬರಿಯ ಲೋಹಕ್ಕೆ ಬಿಗಿಯಲಿ. ಮುಂದಿನ ಗಾಜಿನ ಪಕ್ಕದ ಕಂಬದಲ್ಲಿ ಟ್ವೀಟರ್ ಕೂರಿಸುತ್ತೇನೆ ಎಂದರೆ ಅಲ್ಲಿ ಏರ್‌ಬ್ಯಾಗ್ ಇದೆಯೇ ಎಂದು ಮೊದಲು ನೋಡು, ಇದ್ದರೆ ಅಲ್ಲಿ ಬೇಡವೇ ಬೇಡ. ಆಂಪ್ಲಿಫೈಯರ್ ಪುಸ್ತಕದಲ್ಲಿ ಆ ವ್ಯಾಟಿನ ಸಾಲಿರುವ ಪುಟದ ಫೋಟೋ ತೆಗೆದು ಇಲ್ಲಿಗೆ ಹಾಕು. ಕನ್ನಡಕ ಹುಡುಕಿಕೊಂಡು ಬಂದು ನೋಡುತ್ತೇನೆ.